ಸೆಕೆಂಡ್ ರೀಡಿಂಗ್

ನನ್ನ ಜೊತೆ ಕೆಲಸ ಮಾಡಿದವಳೊಬ್ಬಳ ನಿವೃತ್ತಿಯ ಬೀಳ್ಕೊಡುಗೆಗೆ ಒಂದು ಪುಟದ ಪರಿಚಯ ಬರೆದುಕೊಡಿ ಎಂದು ನಮ್ಮ ನೀರು ಪರೀಕ್ಷೆಯ ಲ್ಯಾಬಿನ ಈಗಿನ ಮುಖ್ಯಸ್ಥ ಫೋನ್ ಮಾಡಿದಾಗ ನಾನು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ.

"ಮೂವತ್ತೆಂಟು ವರ್ಷದ ಸರ್ವಿಸು ಮೇಡಂ. ಅವರನ್ನ ನಿಮ್ಮಷ್ಟು ಬಲ್ಲೋರು ಈಗ ಇಲ್ಲಿ ಯಾರೂ ಇಲ್ಲ. ಹುಟ್ಟಿದ್ದು, ಓದಿದ್ದು, ಮಾಡಿದ ಕೆಲಸ, ಒಂದೆರಡು ತಮಾಷೆ ಪ್ರಸಂಗ. ಅಷ್ಟಿದ್ರೆ ಸಾಕು," ಎಂದ.

ನಾನು ಅದೇ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಮುಖ್ಯಸ್ಥೆಯಾಗಿದ್ದು ಐದು ವರ್ಷದ ಹಿಂದೆ ನಿವೃತ್ತಳಾದವಳು. ವರದಿ ಬರೆದೂ ಬರೆದೂ ಕೈ ಪಳಗಿದೆ. ಒಂದು ಪುಟ ಯಾವ ಮಹಾ ಎಂದು ಕಾಗದ ಎಳೆದುಕೊಂಡು ಕೂತೆ. ಹುಟ್ಟಿದ್ದು ಎಲ್ಲಿ? ಗೊತ್ತಿಲ್ಲ. ಗಂಡನ ಕೆಲಸ? ಬಸ್ಸಿನದ್ದೇನೋ ಇರಬೇಕು. ಮಕ್ಕಳು ಒಂದೋ ಎರಡೋ. ತಮಾಷೆ ಪ್ರಸಂಗಗಳು ಮಾತ್ರ ಒಂದರ ಹಿಂದೊಂದು ನುಗ್ಗಿ ಬಂದವು. ಎಲ್ಲದರಲ್ಲೂ ನಗುತ್ತಿದ್ದವರು ನಾವು, ನಗೆಗೀಡಾದವಳು ಅವಳು. ಪೆನ್ನು ಕೆಳಗಿಟ್ಟೆ. ಎರಡೂ ಕಿವಿ ಕಾದುಹೋಗಿದ್ದವು. ಅರವತ್ತೈದು ವರ್ಷದ ಮುದುಕಿಗೂ ನಾಚಿಕೆಯಾದರೆ ಕಿವಿ ಬಿಸಿಯಾಗುತ್ತದೆ.

ಆ ಪುಟ ನಾನು ಬರೆದುಕೊಡಲಿಲ್ಲ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಸಮಾರಂಭದಲ್ಲಿ ಮೈಕಿನ ಮುಂದೆ ಓದುವಂಥದ್ದಲ್ಲ ಇದು.

ಲ್ಯಾಬು ಇದ್ದದ್ದು ಪಂಪ್‌ಹೌಸಿನ ಹಿಂದೆ. ಒಂದೇ ಉದ್ದನೆಯ ಕೋಣೆ. ಕಿಟಕಿಯ ಉದ್ದಕ್ಕೂ ಬಿಳಿ ಟೈಲ್ಸಿನ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ನಿಂತ ಬ್ಯೂರೆಟ್ಟುಗಳು, ಮೂಲೆಯಲ್ಲಿ ಗುಂಯ್ ಎನ್ನುವ ಇನ್‌ಕ್ಯುಬೇಟರು. ಊರಿನ ನಲವತ್ತೆರಡು ಕಡೆಯ ನಲ್ಲಿಗಳಿಂದ ಬಾಟಲಿಗಳಲ್ಲಿ ನೀರು ಬರುತ್ತಿತ್ತು. ಅದರಲ್ಲಿ ಕ್ಲೋರಿನ್ ಎಷ್ಟಿದೆ, ಉಪ್ಪು ಎಷ್ಟಿದೆ, ಹೊಟ್ಟೆ ಕೆಡಿಸುವ ಕ್ರಿಮಿ ಇದೆಯೇ ಎಂದು ನೋಡಿ ಬರೆಯುವುದು ನಮ್ಮ ಕೆಲಸ. ಗೋಡೆಯ ಮೇಲೆ ಊರಿನ ನಕ್ಷೆ, ನಕ್ಷೆಯಲ್ಲಿ ನಲವತ್ತೆರಡು ಕೆಂಪು ಗುಂಡುಸೂಜಿ. ನಾವು ಐದು ಜನ. ಕೆಮಿಸ್ಟ್ ಸಾಹೇಬರು, ನಾನು, ದಿನಾ ಪೇಪರು ಓದಿ ಹೇಳುತ್ತಿದ್ದುದರಿಂದ ಪೇಪರಣ್ಣ ಎನಿಸಿಕೊಂಡ ಕ್ಲರ್ಕು, ಸೈಕಲ್ಲಿನಲ್ಲಿ ಬಾಟಲಿ ತರುವ ಬಾಟಲಿ ಮಾಮ. ಐದನೆಯವಳು ಅವಳು.

ನನಗೆ ಆ ಕೆಲಸ ಸಿಕ್ಕಿದ್ದು ಇಪ್ಪತ್ತಮೂರನೇ ವಯಸ್ಸಿನಲ್ಲಿ. ಜಾಹೀರಾತು ಪೇಪರಿಗೆ ಬರುವ ಮೊದಲೇ ಸೋದರಮಾವ ಮನೆಗೆ ಬಂದು, "ನಮ್ಮ ಆಫೀಸಲ್ಲಿ ಒಂದು ಪೋಸ್ಟು ಬೀಳ್ತಾ ಇದೆ, ಅರ್ಜಿ ರೆಡಿ ಇಟ್ಕೋ," ಎಂದಿದ್ದರು. ಸಂದರ್ಶನದ ಹಿಂದಿನ ದಿನ ಏನೇನು ಕೇಳುತ್ತಾರೆ ಎಂದು ಕೂರಿಸಿಕೊಂಡು ಹೇಳಿಕೊಟ್ಟರು. ಅದಕ್ಕೆ ಯಾರೂ ಕೋಟಾ ಅನ್ನಲಿಲ್ಲ. ನಮ್ಮ ಹುಡುಗಿ ಚುರುಕು ಅಂದರು.

ನಾಲ್ಕು ವರ್ಷ ಬಿಟ್ಟು ಅವಳು ಬಂದಳು. ಇಪ್ಪತ್ತೆರಡರ ಹುಡುಗಿ, ಎಣ್ಣೆ ಹಾಕಿ ಬಿಗಿದ ಜಡೆ, ಕೈಯಲ್ಲಿ ನೇಮಕದ ಆದೇಶ. ಮೀಸಲಾತಿ ಕಾಯ್ದೆ ಬಂದ ಮೇಲೆ ನಮ್ಮ ಇಲಾಖೆಗೆ ಬಂದ ಮೊದಲ ತಂಡದವಳು. ಪೇಪರಣ್ಣ ಆದೇಶ ಓದಿ ಕನ್ನಡಕ ತೆಗೆದು ನನ್ನ ಮುಖ ನೋಡಿದ. ಅವಳದ್ದೂ ನನ್ನದೇ ಹೆಸರು. ಅಕ್ಷರ ಅಕ್ಷರವೂ ಅದೇ.

"ಅಯ್ಯೋ ದೇವರೇ, ಒಂದು ಹೆಸರು ಕೂಗಿ ಎರಡು ತಲೆ ತಿರುಗಿದ್ರೆ ನನ್ನ ಗತಿ ಏನು?" ಎಂದ ಅವನು. "ಒಂದು ಕೆಲಸ ಮಾಡೋಣ. ಒಬ್ರು ಮೆರಿಟ್ಟು, ಒಬ್ರು ಕೋಟಾ. ಮುಗೀತು ಕಥೆ."

ಎಲ್ಲರೂ ನಕ್ಕರು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ. ಅವಳೂ ನಕ್ಕಳು, ಹೊಸಬಳು, ಇನ್ನೇನು ಮಾಡಿಯಾಳು? ಹದಿನೈದು ದಿನದಲ್ಲಿ 'ಮೆರಿಟ್ಟು' ಬಿದ್ದುಹೋಯಿತು. ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. 'ಕೋಟಾ' ಮಾತ್ರ ಅಂಟಿಕೊಂಡಿತು. ಕಪ್ಪುಹಲಗೆಯ ಮೇಲೆ ಡ್ಯೂಟಿ ಬರೆಯುವಾಗಲೂ ಸೋಮವಾರ ಕೋಟಾ, ಮಂಗಳವಾರ ಕೋಟಾ. ಬಾಟಲಿ ಮಾಮ ಒಳ್ಳೆಯ ಮನುಷ್ಯ, ಪಾಪ, ಅವನೂ ಪ್ರೀತಿಯಿಂದಲೇ "ಕೋಟಮ್ಮಾ, ಬಾಟಲಿ ತಗೊಳಮ್ಮಾ," ಎನ್ನುತ್ತಿದ್ದ. ಅವಳು ಓಗೊಡುತ್ತಿದ್ದಳು. ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದಳು.

ಇನ್ನು ಸೆಕೆಂಡ್ ರೀಡಿಂಗಿನ ವಿಷಯ. ಬ್ಯೂರೆಟ್ಟು ಎಂದರೆ ಗೆರೆ ಹಾಕಿದ ಉದ್ದನೆಯ ಗಾಜಿನ ಕೊಳವೆ. ಅದರಲ್ಲಿ ದ್ರಾವಣ ಎಲ್ಲಿಗೆ ಇಳಿದು ನಿಂತಿತು ಎಂದು ಕಣ್ಣನ್ನು ಆ ಮಟ್ಟಕ್ಕೆ ತಂದು ಓದಬೇಕು. ಕಣ್ಣು ಮೇಲಿದ್ದರೆ ಒಂದು ಲೆಕ್ಕ, ಕೆಳಗಿದ್ದರೆ ಇನ್ನೊಂದು. ಅದಕ್ಕೇ ಒಬ್ಬರು ಓದಿದ್ದನ್ನು ಇನ್ನೊಬ್ಬರು ಓದಿ ಇಬ್ಬರೂ ಸಹಿ ಹಾಕಬೇಕೆಂದು ನಿಯಮ. ನಿಯಮ ಎಲ್ಲರಿಗೂ. ಆದರೆ ನಾನು ಸೇರಿದಾಗಿನಿಂದ ಯಾರೂ ಅದನ್ನು ಪಾಲಿಸಿರಲಿಲ್ಲ. ಯಾರಿಗಿದೆ ಅಷ್ಟು ಪುರಸೊತ್ತು! ಅವಳು ಬಂದ ವಾರವೇ ಸಾಹೇಬರು ನನ್ನನ್ನು ಕರೆದು, "ಆ ಹುಡುಗಿಯ ರೀಡಿಂಗೆಲ್ಲ ನೀವೊಮ್ಮೆ ನೋಡಿಬಿಡಿ. ಕುಡಿಯೋ ನೀರಿನ ವಿಷಯ," ಎಂದರು.

ಅಂದಿನಿಂದ ಅವಳು ಓದಿದ್ದನ್ನೆಲ್ಲ ನಾನು ಓದುತ್ತಿದ್ದೆ. ನಾನು ಓದಿದ್ದನ್ನು ಯಾರೂ ಓದುತ್ತಿರಲಿಲ್ಲ. "ಅಕ್ಕಾ, ಸೆಕೆಂಡ್ ರೀಡಿಂಗ್," ಎಂದು ಅವಳು ಕರೆದಾಗ ನಾನು ಎದ್ದು ಹೋಗಿ, ಕತ್ತು ಬಗ್ಗಿಸಿ, ತುಟಿ ಕಚ್ಚಿ, ತಪ್ಪು ಸಿಗಲಿ ಎಂದು ಹುಡುಕುತ್ತಿದ್ದೆ. ಆರು ವರ್ಷದಲ್ಲಿ ಸಿಕ್ಕಿದ್ದು ಎರಡು. ಅದರಲ್ಲಿ ಒಂದು ಸಲ ತಪ್ಪಿದ್ದು ನನ್ನ ಕಣ್ಣೇ. ಆದರೂ ಪುಸ್ತಕದಲ್ಲಿ ಅವಳದ್ದನ್ನು ಹೊಡೆದುಹಾಕಿ ನನ್ನದನ್ನು ಬರೆದೆ. ಅವಳು ಮುಂದಿನ ಬಾಟಲಿ ಎತ್ತಿಕೊಂಡಳು. ಅವಳ ಮಾರ್ಕ್ಸು ಎಷ್ಟಿತ್ತು ಎಂದು ನಾನು ಯಾವತ್ತೂ ಕೇಳಿದವಳಲ್ಲ. ಕಡಿಮೆ ಇತ್ತು ಎಂದು ಹೇಳಿಕೊಂಡು ಮಾತ್ರ ತಿರುಗಿದೆ.

ಹತ್ತೂವರೆಗೆ ಚಹಾ. ಚಹಾದ ಜೊತೆಗೆ ಪೇಪರು, ಪೇಪರಿನ ಜೊತೆಗೆ ಅದೇ ಜಗಳ. ನಾನು ಹೈಸ್ಕೂಲಿನಲ್ಲಿದ್ದಾಗ ಸರ್ಕಾರ ಒಂದು ಆಯೋಗ ಮಾಡಿತ್ತು. ಅವರು ಊರೂರು ತಿರುಗಿ ಯಾವ ಕಚೇರಿಯಲ್ಲಿ ಯಾವ ಜನ ಎಷ್ಟಿದ್ದಾರೆ ಎಂದು ಎಣಿಸಿದರು. ನಮ್ಮೂರಿನ ತಗ್ಗಿನ ಬೀದಿಯಂಥ ಬೀದಿಗಳಿಂದ ಬಂದವರು ನೂರು ಮೇಜಿಗೆ ಎರಡೂ ಇರಲಿಲ್ಲ. ಪೊರಕೆ ಹಿಡಿದವರಲ್ಲಿ ನೂರಕ್ಕೆ ನೂರೂ ಅವರೇ. ಆ ವರದಿ ಏಳು ವರ್ಷ ಬೀರುವಿನಲ್ಲಿ ಧೂಳು ತಿಂದಿತು. ಆಮೇಲೆ ಕಾಯ್ದೆ ಬಂತು, ಕಾಯ್ದೆಯ ಬೆನ್ನಿಗೇ ಬಂದ್, ಮೆರವಣಿಗೆ, ಕೋರ್ಟು. ಕೋರ್ಟು ಇಷ್ಟಕ್ಕಿಂತ ಹೆಚ್ಚು ಕೊಡಬೇಡಿ ಎಂದಿತು. ಕಡಿಮೆ ಆಯಿತು ಎಂದು ಅವರು, ಜಾಸ್ತಿ ಆಯಿತು ಎಂದು ನಾವು.

"ಡಾಕ್ಟರೂ ಕೋಟಾ, ಇಂಜಿನಿಯರೂ ಕೋಟಾ. ನಾಳೆ ಜನ ಸತ್ರೆ ಯಾರ್ರೀ ಹೊಣೆ?" ಎಂದು ಸಾಹೇಬರು ಶುರು ಮಾಡುತ್ತಿದ್ದರು. ನಾನು ನನ್ನ ತಮ್ಮನ ಕಥೆ ತೆಗೆಯುತ್ತಿದ್ದೆ. ಅವನ ಸೀಟು ಅವರ ಪಾಲಾಯಿತು ಎಂದು ನಮ್ಮಮ್ಮ ಸಾಯುವವರೆಗೂ ಗೋಳಾಡಿದಳು. ತಮ್ಮ ಗಣಿತದಲ್ಲಿ ತೆಗೆದದ್ದು ಮೂವತ್ತೊಂದು. ಮೀಸಲಾತಿ ಇಲ್ಲದಿದ್ದರೂ ಆ ಕಾಲೇಜಿನವರು ಅವನನ್ನು ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಈ ಮೂವತ್ತೊಂದನ್ನು ಚಹಾದ ಹೊತ್ತಿನಲ್ಲಿ ನಾನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಅಲ್ಲೇ ಕೂತು ಚಹಾ ಕುಡಿದು, ಲೋಟ ತೊಳೆದು, ಕೆಲಸಕ್ಕೆ ಏಳುತ್ತಿದ್ದಳು.

ಒಂದು ಸಲ ಮಾತ್ರ ಮಾತಾಡಿದಳು. ನಾನು ಕಾಲೇಜಿನ ಕೊನೆಯ ವರ್ಷದಲ್ಲಿ ಕಾಯ್ದೆಯ ವಿರುದ್ಧ ಮಾಡಿದ ಹೋರಾಟದ ಕಥೆ ಹೇಳುತ್ತಿದ್ದೆ. ನಾವು ಮೂವತ್ತು ಜನ ಹೊಸ ಪೊರಕೆ ಕೊಂಡು ಕಾಲೇಜಿನ ಮುಂದಿನ ರಸ್ತೆ ಗುಡಿಸಿದ್ದೆವು. 'ಓದಿದವರಿಗೆ ಇನ್ನು ಇದೇ ಕೆಲಸ' ಎಂದು ಕತ್ತಿಗೆ ಫಲಕ ನೇತುಹಾಕಿಕೊಂಡಿದ್ದೆವು. ಪೇಪರಿನಲ್ಲಿ ಫೋಟೋ ಬಂದಿತ್ತು, ಎಡಗಡೆಯಿಂದ ಮೂರನೆಯವಳು ನಾನು. ಪೇಪರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ದೊಡ್ಡ ಕಾಲೇಜಿನ ಮುಂದಿನ ರಸ್ತೆನಾ ಅಕ್ಕಾ?" ಎಂದು ಕೇಳಿದಳು.

"ಹೂಂ, ಅದೇ."

"ಅದು ನಮ್ಮಮ್ಮನ ರಸ್ತೆ. ಅವತ್ತು ನೀವೆಲ್ಲ ಪೊರಕೆ ಅಲ್ಲೇ ಬಿಸಾಕಿ ಹೋಗಿದ್ರಿ. ನಮ್ಮಮ್ಮ ಆಯ್ಕೊಂಡು ಬಂದ್ಳು. ಒಳ್ಳೇ ಪೊರಕೆ, ಎರಡು ವರ್ಷ ಬಾಳಿಕೆ ಬಂತು."

ಅಷ್ಟು ಹೇಳಿ ಲೋಟ ತೊಳೆಯಲು ಎದ್ದಳು. ಅವಳ ದನಿಯಲ್ಲಿ ಕೊಂಕೇ ಇರಲಿಲ್ಲ, ಇದ್ದಿದ್ದರೆ ನಾನೂ ಬಿಡುತ್ತಿರಲಿಲ್ಲ, ನನ್ನ ನಾಲಿಗೆ ಗೊತ್ತಲ್ಲ. ಸಾಹೇಬರು ಗಡಿಯಾರ ನೋಡಿದರು. ನನಗೆ ಆ ಕ್ಷಣ ನಾಚಿಕೆಗಿಂತ ಸಿಟ್ಟೇ ಬಂತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮಧ್ಯಾಹ್ನ ಅವಳ ರೀಡಿಂಗನ್ನು ಎರಡಲ್ಲ, ಮೂರು ಸಲ ಓದಿದೆ.

ಅವಳ ಮನೆ ಇದ್ದದ್ದು ತಗ್ಗಿನ ಬೀದಿಯಲ್ಲೇ. ಗೋಡೆಯ ನಕ್ಷೆಯಲ್ಲಿ ಆ ಬೀದಿ ಇತ್ತು, ಕೆಂಪು ಗುಂಡುಸೂಜಿ ಇರಲಿಲ್ಲ. ನಲವತ್ತೆರಡು ಜಾಗ ಆರಿಸಿದವರಲ್ಲಿ ಒಬ್ಬರಿಗೂ ಅಲ್ಲಿಯ ನಲ್ಲಿಯನ್ನು ನೋಡಬೇಕು ಅನ್ನಿಸಿರಲಿಲ್ಲ. ನನಗೂ ಹತ್ತು ವರ್ಷ ಆ ನಕ್ಷೆ ನೋಡಿಕೊಂಡೇ ಇದ್ದು ಅನ್ನಿಸಿರಲಿಲ್ಲ. ಒಂದು ಸೋಮವಾರ ಅವಳು ಮನೆಯ ನಲ್ಲಿಯ ನೀರನ್ನು ಲ್ಯಾಬಿನ ಬಾಟಲಿಯಲ್ಲಿ ಹಿಡಿದು ತಂದಳು.

"ಇದೇನಮ್ಮಾ, ಪಟ್ಟಿಯಲ್ಲೇ ಇಲ್ಲದ ಜಾಗದ ನೀರು? ಇದಕ್ಕೂ ಕೋಟಾನಾ?" ಎಂದು ನಾನು ಚುಚ್ಚಿದೆ.

"ನಮ್ಮ ಬೀದಿ ಮಕ್ಕಳಿಗೆ ಪದೇಪದೇ ಕಾಮಾಲೆ ಆಗ್ತಿದೆ ಅಕ್ಕಾ. ಊಟದ ಹೊತ್ತಲ್ಲಿ ಮಾಡ್ಕೋತೀನಿ. ಆಫೀಸ್ ಟೈಮ್ ಮುಟ್ಟಲ್ಲ," ಎಂದಳು.

ಮಾಡಿದಳು. ಹನ್ನೊಂದು ತಿಂಗಳು, ಪ್ರತಿ ಸೋಮವಾರ, ಆಮೇಲೆ ದಿನಕ್ಕೆ ಎರಡೆರಡು ಸಲ, ನೀರು ಬಿಟ್ಟ ಕೂಡಲೇ ಒಂದು ಬಾಟಲಿ, ಅರ್ಧ ಗಂಟೆ ಬಿಟ್ಟು ಇನ್ನೊಂದು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಳು. ಕೊನೆಗೆ ಹಿಡಿದುಬಿಟ್ಟಳು. ಪಂಪು ನಿಂತಾಗ ಪೈಪು ಖಾಲಿಯಾಗಿ ಎಳೆಯುತ್ತದೆ. ಎಲ್ಲೋ ಒಂದು ಜಾಯಿಂಟು ಸಡಿಲವಾಗಿದ್ದು, ಪಕ್ಕದ ಚರಂಡಿಯ ನೀರು ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಗಳಲ್ಲಿ ಬರುವುದು ಅದೇ. ಆ ಮೊದಲ ಕೊಡವನ್ನೇ ಜನ ಕುಡಿಯಲು ಹಿಡಿದಿಡುತ್ತಿದ್ದರು. ನಾವು ದೊಡ್ಡ ಬೀದಿಗಳಲ್ಲಿ ಯಾವಾಗಲೂ ನೀರು ಹರಿಯುತ್ತಿರುವಾಗ ಬಾಟಲಿ ಹಿಡಿಯುತ್ತಿದ್ದೆವು. ನಮಗೆ ಹೇಗೆ ಗೊತ್ತಾಗಬೇಕು?

ಅವಳ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಎರಡನೆಯ ಸಹಿ ನನ್ನದು. ಹಾಗೆಂದು ನಾನೇನೂ ಓದಿರಲಿಲ್ಲ. ಲೆಕ್ಕಕ್ಕಿಲ್ಲದ ನೀರು ಎಂದು ಕಟ್ಟೆಯ ಹತ್ತಿರಕ್ಕೂ ಹೋಗದೆ, "ಇಡು ಇಲ್ಲಿ," ಎಂದು ಕೂತಲ್ಲೇ ಗೀಚಿಬಿಡುತ್ತಿದ್ದೆ. ತಪ್ಪು ಹುಡುಕಲು ಇದ್ದ ಪುರಸೊತ್ತು ಇದಕ್ಕೆ ಇರಲಿಲ್ಲ. ಸಾಹೇಬರು ಗೊಣಗುತ್ತ ಆ ವರದಿಯನ್ನು ಕೇಂದ್ರ ಕಚೇರಿಗೆ ಕಳಿಸಿದರು. ಪೈಪು ಬದಲಾಯಿತು. ಮುಂದಿನ ವರ್ಷ ತಗ್ಗಿನ ಬೀದಿಯಲ್ಲಿ ಒಂದು ಮಗುವಿಗೂ ಕಾಮಾಲೆ ಬರಲಿಲ್ಲ. ನಕ್ಷೆಯಲ್ಲಿ ನಲವತ್ತಮೂರನೇ ಗುಂಡುಸೂಜಿ ಬಿತ್ತು, ಅದನ್ನು ಚುಚ್ಚಿದ್ದು ಬಾಟಲಿ ಮಾಮ.

ವರದಿ ಕಳಿಸಿ ಎರಡು ತಿಂಗಳಾದ ಮೇಲೆ ಆ ಕಾಗದ ಬಂತು. ಬೆಳಿಗ್ಗೆ ಹೋಗುವಷ್ಟರಲ್ಲಿ ನನ್ನ ಮೇಜಿನ ಮೇಲಿತ್ತು, ಲಕೋಟೆ ಒಡೆದಿತ್ತು. ಟಪಾಲು ಒಡೆಯುವುದು ಪೇಪರಣ್ಣನ ಕೆಲಸ, ಹಾಗಾಗಿ ನಾನು ಅದನ್ನು ಯೋಚಿಸಲಿಲ್ಲ. ಮೇಲೆ ಬರೀ ಹೆಸರು. ತಂದೆಯ ಹೆಸರಿನ ಮೊದಲಕ್ಷರ ಇಲ್ಲ, ಹುದ್ದೆ ಇಲ್ಲ. ಕೇಂದ್ರ ಪ್ರಯೋಗಾಲಯದ ಒಂದು ವರ್ಷದ ತರಬೇತಿಗೆ ನಿಮ್ಮನ್ನು ಆರಿಸಲಾಗಿದೆ, ಹದಿನೈದು ದಿನದೊಳಗೆ ಒಪ್ಪಿಗೆ ಕಳಿಸಿ ಎಂದಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ತರಬೇತಿ ಮುಗಿಸಿದವರೇ ಮುಂದೆ ಲ್ಯಾಬಿನ ಮುಖ್ಯಸ್ಥರಾಗುವುದು, ಬೇರೆ ದಾರಿಯೇ ಇಲ್ಲ. ಆ ಕುಣಿತ ಮೂರನೇ ಸಾಲಿನವರೆಗೆ. ಅಲ್ಲಿ, 'ತಗ್ಗಿನ ಬೀದಿಯ ನೀರಿನ ಬಗ್ಗೆ ತಾವು ಹನ್ನೊಂದು ತಿಂಗಳು ನಡೆಸಿದ ಪರೀಕ್ಷೆಯನ್ನು ಮೆಚ್ಚಿ' ಎಂದಿತ್ತು.

ವರದಿಯ ಕೆಳಗೆ ಒಂದೇ ಹೆಸರು ಎರಡು ಸಲ ಇದೆಯಲ್ಲ, ಯಾವಳೋ ಮರೆತು ಎರಡೆರಡು ಸಲ ಸಹಿ ಹಾಕಿದ್ದಾಳೆ ಅಂದುಕೊಂಡರೋ ಏನೋ ಅಲ್ಲಿಯವರು.

ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಮೂವತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಸಾಕು. ಎದ್ದು ಹತ್ತು ಹೆಜ್ಜೆ ಹೋಗಿ, "ತಗೋಳೇ, ನಿನಗೆ ಬಂದಿದೆ," ಅನ್ನಬೇಕಿತ್ತು. ಅವಳು ನನಗೆ ಬೆನ್ನು ಮಾಡಿ ಬ್ಯೂರೆಟ್ಟು ತೊಳೆಯುತ್ತಿದ್ದಳು. ನಾನು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಮೂರು ದಿನ ಚೀಲದಲ್ಲೇ ಇಟ್ಟುಕೊಂಡು ಮನೆಗೂ ಲ್ಯಾಬಿಗೂ ಓಡಾಡಿದೆ. ನಾಲ್ಕನೇ ದಿನ ಸಾಹೇಬರ ಮುಂದೆ ಇಟ್ಟೆ. ಅವರು ಓದಿದರು, ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಓದಿದರು.

"ವರದಿಯಲ್ಲಿ ನಿಮ್ಮ ಸಹಿಯೂ ಇದೆಯಲ್ಲ," ಎಂದರು.

"ಇದೆ ಸರ್. ಎಲ್ಲ ಪುಟದಲ್ಲೂ."

"ಮತ್ತೇನು? ಅವಳಿಗೆ ಮುಂದೆ ಬರೋಕೆ ಅವರ ಕೋಟಾನೇ ಇದೆ. ನಿಮ್ಮಂಥವರಿಗೆ ಇದೊಂದೇ ದಾರಿ. ಹೋಗಿ ಬನ್ನಿ."

ನನಗೆ ಬೇಕಾಗಿದ್ದದ್ದು ಅದೇ ಮಾತು. ನಮ್ಮಲ್ಲಿ ಮುಖ್ಯಸ್ಥರ ಹುದ್ದೆ ಇದ್ದದ್ದು ಒಂದೇ, ಒಂದೇ ಹುದ್ದೆಗೆ ಮೀಸಲಾತಿ ಇಲ್ಲ. ಅದು ಸಾಹೇಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ತಲೆ ಆಡಿಸಿದೆವು. ತಮ್ಮನ ಸೀಟು ಅವರು ಹೊಡೆದರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು, ಅವಳ ಸೀಟನ್ನು ಹೀಗೆ ಹಗಲು ಹನ್ನೊಂದು ಗಂಟೆಗೆ ಹೊಡೆದೆ. ಥೂ, ನನ್ನ ಜನ್ಮಕ್ಕೆ!

ಹೊರಡುವ ಮೊದಲು ಅವಳ ಹತ್ತಿರ ನೋಟ್‌ಬುಕ್ಕನ್ನೂ ಕೇಳಿದೆ. ಅಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ಉತ್ತರ ಬೇಕಿತ್ತು. "ಸ್ವಲ್ಪ ಕೊಟ್ಟಿರೇ, ನೋಡಿ ಕೊಡ್ತೀನಿ," ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗಿನಿಂದ ಅದರ ರಟ್ಟು ಒರೆಸಿ ಕೊಟ್ಟಳು. "ಹುಷಾರು ಮೇಡಂ, ಹಾಳೆ ಸಡಿಲ ಆಗಿದೆ," ಎಂದಳು. ಅವತ್ತಿನಿಂದ ನನ್ನನ್ನು ಅಕ್ಕಾ ಅನ್ನಲಿಲ್ಲ. ತರಬೇತಿಗೆ ಹೋಗುವವಳಿಗೆ ಮರ್ಯಾದೆ ಕೊಡುತ್ತಿದ್ದಾಳೆ ಎಂದು ನಾನು ಹಿಗ್ಗಿದೆ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ತರಬೇತಿ ಮುಗಿಸಿ ಬಂದೆ, ಸಾಹೇಬರು ನಿವೃತ್ತರಾದ ಮೇಲೆ ಅವರ ಕುರ್ಚಿಯಲ್ಲಿ ಕೂತೆ. ಅವಳು ಅದೇ ಕಟ್ಟೆಯ ಮುಂದೆ ನಿಂತಳು. ಹೊಸಬರಿಗೆ ಕೆಲಸ ಕಲಿಸಿದವಳು ಅವಳೇ. ಅವಳಿಂದ ಕಲಿತ ಒಬ್ಬ ಇವತ್ತು ಮುಖ್ಯಸ್ಥ. ನನ್ನ ಕಾಲದಲ್ಲಿ ಎರಡು ಸಲ ಆ ತರಬೇತಿಗೆ ಹೆಸರು ಕಳಿಸಿ ಎಂದು ಪತ್ರ ಬಂದಿತ್ತು. ಹೆಸರು ಬರೆಯುವ ಪೆನ್ನು ನನ್ನ ಕೈಯಲ್ಲೇ ಇತ್ತು. ಎರಡು ಸಲವೂ ಬೇರೆಯವರನ್ನು ಕಳಿಸಿದೆ. ಅವಳು ಅಲ್ಲಿಗೆ ಹೋದರೆ ಯಾರಾದರೂ ತಗ್ಗಿನ ಬೀದಿಯ ಮಾತು ತೆಗೆದಾರು, ನನ್ನ ಬಣ್ಣ ಬಯಲಾದೀತು ಎಂಬ ಹೆದರಿಕೆ. ಮೊದಲ ಸಲದ್ದನ್ನು ಆಸೆಗೆ ಬಿದ್ದು ಮಾಡಿದ್ದು ಎನ್ನಬಹುದು. ಈ ಎರಡಕ್ಕೆ ಏನೆಂದು ಹೇಳಲಿ? ಒಂದೇ ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗುತ್ತಿದ್ದೆ: ಮುಖ್ಯಸ್ಥೆಯಾದ ಮೇಲೆ ಕಪ್ಪುಹಲಗೆಯಲ್ಲಿ ಕೋಟಾ ಎಂದು ಬರೆಯಬಾರದು ಎಂದೆ. ಅಷ್ಟು ಹೊತ್ತಿಗೆ ಎಷ್ಟೋ ಹೊಸಬರಿಗೆ ಅವಳ ಹೆಸರೇ ಅದು ಎಂದಾಗಿತ್ತು.

ಮೊನ್ನೆ ಪೆನ್ನು ಕೆಳಗಿಟ್ಟವಳು ಎದ್ದು ಸೀದಾ ಅವಳ ಮನೆಗೆ ಹೋದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಎರಡು ಕೋಣೆಯ ಮನೆ, ಕಿಟಕಿಯ ಹತ್ತಿರ ಒಂದು ಮೇಜು, ಮೇಜಿನ ಮೇಲೆ ಸಾಲಾಗಿ ಪುಸ್ತಕ. ಅವಳು ಕುರ್ಚಿ ಎಳೆದು ಕೊಟ್ಟು, ನಲ್ಲಿ ತಿರುಗಿಸಿ, ಮೊದಲು ಬಂದ ನೀರನ್ನು ಸ್ವಲ್ಪ ಹರಿಯಬಿಟ್ಟು, ಆಮೇಲೆ ಲೋಟ ಹಿಡಿದಳು. ಕೈಗೆ ಹತ್ತಿದ ಅಭ್ಯಾಸ.

ಕೇಳಿದ್ದಕ್ಕೆಲ್ಲ ಹೇಳಿದಳು. ಹುಟ್ಟಿದ್ದು ಇದೇ ಮನೆಯಲ್ಲಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ತೀರಿಕೊಂಡು ಒಂಬತ್ತು ವರ್ಷ. ನನಗೆ ಅದೂ ಗೊತ್ತಿರಲಿಲ್ಲ, ರಜಾ ಚೀಟಿಗೆ ಸಹಿ ಹಾಕಿದ್ದವಳು ನಾನೇ ಇರಬೇಕು. ಒಬ್ಬಳೇ ಮಗಳು, ಮೇಷ್ಟರ ಕೆಲಸ. ನಾನು ಬರೆದುಕೊಳ್ಳುತ್ತ ಹೋದೆ. ಬರೆಯುತ್ತ ಬರೆಯುತ್ತ ನಡುವೆ ನಿಲ್ಲಿಸಿದೆ.

"ನಾನೊಂದು ಹೇಳಬೇಕು," ಎಂದೆ. "ಆ ತರಬೇತಿ ಕಾಗದ. ಅದು ನನಗೆ ಬಂದದ್ದಲ್ಲ. ನಿನಗೆ ಬಂದದ್ದು. ಗೊತ್ತಿದ್ದೂ ನಾನು ಹೋದೆ."

ಅವಳು ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗು ಅನ್ನುತ್ತಾಳೆ ಎಂದು ಕಾದೆ. ಎಲ್ಲದಕ್ಕೂ ತಯಾರಾಗಿಯೇ ಹೋಗಿದ್ದೆ. ಅವಳು ನನ್ನ ಮುಂದಿದ್ದ ಲೋಟವನ್ನು ಮೇಜಿನ ಅಂಚಿನಿಂದ ಸ್ವಲ್ಪ ಒಳಗೆ ಸರಿಸಿದಳು.

"ಗೊತ್ತು ಮೇಡಂ. ಆ ದಿನ ಪೇಪರಣ್ಣ ರಜಾ ಹಾಕಿದ್ರು. ಟಪಾಲು ಒಡೆದಿದ್ದು ನಾನೇ."

"ಓದಿದ್ಯಾ?"

"ಪೂರ್ತಿ ಓದಿದೆ. ನಂದೇ ಅಂತ ಗೊತ್ತಾಯ್ತು. ಎರಡು ಸಲ ಓದಿದೆ."

"ಮತ್ತೆ ಯಾಕೆ ನನ್ನ ಮೇಜಿನ ಮೇಲೆ ಇಟ್ಟೆ? ನೇರವಾಗಿ ಸಾಹೇಬರ ಹತ್ತಿರ ಹೋಗಿ ಇದು ನಂದು ಅಂದಿದ್ರೆ ಯಾರು ತಡೀತಿದ್ರು?" ನಾನು ದನಿ ಏರಿಸಿಬಿಟ್ಟೆ. ನಾಚಿಕೆಗೆಟ್ಟವಳು, ಆಗಲೂ ತಪ್ಪನ್ನು ಅವಳ ತಲೆಗೇ ಕಟ್ಟಲು ನೋಡುತ್ತಿದ್ದೆ.

ಅವಳು ನಕ್ಕಳು. ಮೊದಲ ದಿನ ಪೇಪರಣ್ಣನ ಜೋಕಿಗೆ ನಕ್ಕಿದ್ದಳಲ್ಲ, ಹಾಗೆ.

"ನಾನು ಓದಿದ್ದನ್ನೆಲ್ಲ ನೀವು ಓದಿದ ಮೇಲೇ ಅಲ್ವಾ ಮೇಡಂ ಪುಸ್ತಕಕ್ಕೆ ಏರ್ತಿದ್ದಿದ್ದು? ಇದಕ್ಕೂ ಸೆಕೆಂಡ್ ರೀಡಿಂಗ್ ಆಗ್ಲಿ ಅಂತ ಇಟ್ಟೆ. ನೀವು ಓದಿ, ಇದು ನಿಂದೇ ಕಣೇ ಅಂತ ಹೆಸರು ಹಿಡಿದು ಕರೆದು ಕೊಟ್ರೆ, ಆಮೇಲೆ ಯಾರೂ ಕೋಟಾ ಅನ್ನಲ್ಲ ಅಂದ್ಕೊಂಡೆ. ಮೂರು ದಿನ ಕಾದೆ."

ಹೊರಗೆ ಯಾರೋ ಕೊಡ ಇಟ್ಟ ಸದ್ದಾಯಿತು. ಈಗಲಾದರೂ ಹೆಸರು ಹಿಡಿದು ಕರೆದು ತಪ್ಪಾಯಿತು ಎನ್ನೋಣ ಎಂದು ಬಾಯಿ ತೆರೆದೆ. ನನ್ನದೇ ಹೆಸರು, ಅರವತ್ತೈದು ವರ್ಷದಿಂದ ಕೇಳಿದ ಹೆಸರು, ನಾಲಿಗೆಗೆ ಬರಲಿಲ್ಲ. ಅವಳು ಮತ್ತೆ ಮೂರು ದಿನ ಕಾಯಬೇಕಾದೀತೋ ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಎದ್ದು, "ನೀರು ಕುಡೀರಿ ಮೇಡಂ. ಚೆನ್ನಾಗಿದೆ, ಬೆಳಿಗ್ಗೆ ನೋಡಿದೀನಿ," ಎಂದು ಒಳಗೆ ಹೋದಳು.